ಅವ್ವನಿಗೆ ಹೇಳಿದ ಹಸಿರು

ಸುದ್ದಿ ಬಂದಾಗ ನಾನು ಪಡಸಾಲೆಯಲ್ಲಿ ಕುಂತು ಶೇಂಗಾ ಸುಲಿಯುತ್ತಿದ್ದೆ. ಫೋನ್ ಮಾಡಿದವರು ನಮ್ಮ ಸರ್ ಅವರ ತಂಗಿ, ಖಾನಾಪುರದಿಂದ. "ಅಣ್ಣ ಹೋದ್ರಿ. ಮುಂಜಾನಿ ಚಹಾ ಕುಡದು ಗ್ವಾಡಿಗೆ ಆನಿಕೊಂಡು ಕುಂತಾವರು ಹಂಗ ಹೋದ್ರು" ಅಂದರು. ನಾನು "ಹೌದೇನ್ರಿ, ಬರ್ತೀನಿ" ಅಂದೆ. ಮತ್ತೆ ಬಂದು ಬುಟ್ಟಿಯ ಮುಂದೆ ಕುಂತು ಉಳಿದ ಶೇಂಗಾನೂ ಸುಲಿದೆ. ಹೆಂಡತಿ ಯಾರದು ಫೋನು ಅಂತ ಕೇಳಿದಳು, ಹೇಳಿದೆ. ಅವಳು ಸೆರಗು ಬಾಯಿಗೆ ಹಿಡಿದು, ನನ್ನ ಕೈಯಲ್ಲಿದ್ದ ಶೇಂಗಾ ನೋಡಿ, "ಏನ್ ಮನಶಾರದೀರಿ ನೀವು?" ಅಂದಳು. ನನಗೆ ಏನೂ ಅನಿಸಿರಲಿಲ್ಲ, ಅದಕ್ಕೆ ನಾನೇನು ಮಾಡಲಿ? ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಂತರೆ ಕಾಲು ಜೋಮು ಹಿಡಿದು ಚಿವುಟಿದರೂ ತಿಳಿಯುವುದಿಲ್ಲವಲ್ಲ, ಹಾಗಾಗಿತ್ತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಹೊಗಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು, ಸತ್ತ ಮೇಲೂ ಬರಬಹುದು. ಬೆಳಗಾವಿಯ ಒಂದು ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಕಲಿಸುತ್ತಿದ್ದರು, ನಾನು ರಸಾಯನಶಾಸ್ತ್ರ. ನನಗಿಂತ ಹಿರಿಯರು. ನನ್ನ ಮದುವೆ ಆಗುವತನಕ ಹಿಂದವಾಡಿಯಲ್ಲಿ ಎರಡು ಖೋಲಿ ಹಿಡಿದು ಕೂಡಿ ಇದ್ದೆವು. ಅವರು ಮದುವೆಯಾಗಲೇ ಇಲ್ಲ. ಶನಿವಾರ ಮಧ್ಯಾಹ್ನದ ಪಾಠ ಮುಗಿಯಿತೆಂದರೆ ಸಾಕು, ಚೀಲ ಹೆಗಲಿಗೇರಿಸಿ ಖಾನಾಪುರದ ಗಾಡಿ ಹತ್ತುತ್ತಿದ್ದರು. ಅಲ್ಲಿ ಅವರ ಅವ್ವ ಇದ್ದರು, ಮತ್ತೆ ಅವರ ಹರಳು ಇತ್ತು.

ಹರಳಿನ ವಿಷಯ ಹೇಳದೆ ಅವರ ವಿಷಯ ಹೇಳಲಾಗುವುದಿಲ್ಲ. ಲೇಸರ್ ಯಂತ್ರದ ಬೆಳಕು ಒಂದೇ ಬಣ್ಣದ್ದು, ಅದರ ಹಣೆಬರಹದಲ್ಲಿ ಯಾವ ಬಣ್ಣ ಬರೆದಿದೆಯೋ ಅದೊಂದೇ. ನಾವು ಕೂಡಿ ಇದ್ದ ಎಪ್ಪತ್ತರ ದಶಕದಲ್ಲಿ ಒಳ್ಳೇ ಜೋರಿನ ಲೇಸರುಗಳು ಕೊಡುತ್ತಿದ್ದದ್ದು ಕೆಂಪಿನಿಂದ ಆಚೆಗಿನ, ಕಣ್ಣಿಗೆ ಕಾಣದ ಬೆಳಕು. ಅದನ್ನು ಒಂದು ಬಗೆಯ ಹರಳಿನೊಳಗೆ ಸರಿಯಾದ ಓರೆಯಲ್ಲಿ ಹಾಯಿಸಿದರೆ ಅದರ ತರಂಗದ ಉದ್ದ ಅರ್ಧಕ್ಕೆ ಇಳಿದು ಹಸಿರು ಬೆಳಕಾಗಿ ಹೊರಗೆ ಬರುತ್ತದೆ. ದೊಡ್ಡ ದೇಶಗಳಲ್ಲಿ ಇದನ್ನು ಮಾಡಿ ತೋರಿಸಿ ಆಗಿತ್ತು. ನಮ್ಮ ಸರ್‌ಗೆ ಬೇಕಾಗಿದ್ದು ಇಷ್ಟೇ: ಖಾನಾಪುರದ ತಮ್ಮ ಮನೆಯಲ್ಲಿ ಬೆಳೆಸಿದ ಹರಳಿನಿಂದ ಆ ಹಸಿರು ಬರಬೇಕು, ಅದನ್ನು ತಾವು ಕಣ್ಣಾರೆ ನೋಡಬೇಕು. ಕಾಲೇಜಿನಲ್ಲಿ ಲೇಸರ್ ಇರಲಿಲ್ಲ, ಬಿಡ್ರಿ, ಒಂದು ಸರಿಯಾದ ಬ್ಯಾಟರಿ ಇರಲಿಲ್ಲ. ಪುಣೆಯ ಒಂದು ಪ್ರಯೋಗಶಾಲೆಯಲ್ಲಿ ಅವರ ಗೆಳೆಯರಿದ್ದರು, "ಹರಳು ತಾ, ನಮ್ಮ ಯಂತ್ರದ ಮುಂದ ಹಿಡಿಯೂಣು" ಅಂದಿದ್ದರು. ಆ ಒಂದು ಮಾತಿನ ಮೇಲೆ ಇವರ ಸಂಸಾರ ನಡೆದಿತ್ತು.

ಹುಡುಗರಿಗೆ ಇದನ್ನು ಕಲಿಸಲು ಮನೆಯಿಂದ ಸ್ಟೀಲಿನ ತಾಟು ತರುತ್ತಿದ್ದರು. ಬೆರಳಿನಿಂದ ಮೆಲ್ಲಗೆ ಬಡಿದು, "ಕೇಳಿದ್ರೇನು? ಒಂದ ದನಿ" ಅನ್ನುವರು. ಆಮೇಲೆ ಸೌಟಿನಿಂದ ಜೋರಾಗಿ ಒಂದು ಬಿಟ್ಟು, "ಈಗ ಕೇಳ್ರಿ, ಮ್ಯಾಲ ಒಂದು ಸಣ್ಣ ದನಿನೂ ಐತಿ. ಬೆಳಕಿಗೂ ಹಂಗ. ಮೆತ್ತಗಿನ ಬೆಳಕಾದ್ರ ಹರಳು ಸುಮ್ನ ದಾಟಿಸಿ ಬಿಡತದ. ಭಾಳ ಜೋರಿನದಾತಂದ್ರ ಅದೂ ಸುಮ್ನ ಕುಂದರಂಗಿಲ್ಲ, ಒದರತದ" ಅನ್ನುವರು. ಬಾಜೂ ಕ್ಲಾಸಿನಿಂದ ಇಂಗ್ಲಿಷ್ ಸರ್ ಬಂದು ಬಾಗಿಲಲ್ಲಿ ನಿಂತು, "ಊಟ ಆತೇನ್ರಿ?" ಅಂತ ಕೇಳಿ ಹೋಗುವರು.

ಹರಳು ಬೆಳೆಸುವುದೆಂದರೆ ಉಪ್ಪಿನ ಕೆಲಸ. ಪೊಟ್ಯಾಸಿಯಂ ಫಾಸ್ಫೇಟ್ ಜಾತಿಯ ಒಂದು ಉಪ್ಪು, ಅದನ್ನು ಒದಗಿಸುವವನು ನಾನು. "ಸರ್, ಇದು ಗೊಬ್ಬರ. ಬದನಿಗಿಡಕ್ಕ ಹಾಕ್ರಿ, ಪಲ್ಯಾನರ ಆದೀತು" ಅಂತ ಚಾಷ್ಟಿ ಮಾಡುತ್ತಿದ್ದೆ. ಬೆಚ್ಚಗಿನ ನೀರಿನಲ್ಲಿ ಉಪ್ಪನ್ನು ಹಿಡಿಸುವಷ್ಟು ಕರಗಿಸಿ, ಅದರೊಳಗೆ ಒಂದು ಚಿಕ್ಕ ಹರಳು ಇಳಿಬಿಟ್ಟು, ನೀರನ್ನು ವಾರಗಟ್ಟಲೆ ಸಾವಕಾಶ ಆರಿಸುತ್ತ ಹೋಗಬೇಕು. ಆ ಚಿಕ್ಕದರ ಮೈಗೆ ಉಪ್ಪು ಕೂಡುತ್ತ ಕೂಡುತ್ತ ದೊಡ್ಡದಾಗುತ್ತದೆ. ನೀರು ಅಲುಗಿದರೆ ಕೆಟ್ಟಿತು, ಒಮ್ಮೆಲೆ ತಣಿದರೆ ಕೆಟ್ಟಿತು. ಅವರ ಅವ್ವನಿಗೆ ಇದು ಮೊದಲ ದಿನವೇ ತಿಳಿದುಬಿಟ್ಟಿತ್ತು. "ಹೆಪ್ಪ ಹಾಕಿ ಇಡೂದಲ್ಲೇನು?" ಅಂದರಂತೆ. ಆ ಮಾತು ಸರ್‌ಗೆ ಬಹಳ ಹಿಡಿಸಿ ಕ್ಲಾಸಿನಲ್ಲೂ ಹೆಪ್ಪು ಹೆಪ್ಪು ಅನ್ನತೊಡಗಿದರು, ಹುಡುಗರು ಅವರಿಗೆ ಹೆಪ್ಪಿನ ಸರ್ ಅಂತಲೇ ಹೆಸರಿಟ್ಟರು.

ಖಾನಾಪುರದ ಮನೆಯ ನಡುವಿನ ಖೋಲಿಗೆ ದಪ್ಪ ಮಣ್ಣಿನ ಗೋಡೆ, ಬ್ಯಾಸಗಿಯಲ್ಲೂ ತಂಪು. ಅಲ್ಲಿ ಗಾಜಿನ ತೊಟ್ಟಿ, ಹೀಟರ್, ಥರ್ಮಾಮೀಟರ್. ವಾರವೆಲ್ಲ ಅದನ್ನು ಕಾಯುವವರು ಅವ್ವ. ಕರೆಂಟ್ ಹೋದರೆ ಕೌದಿ ತಂದು ತೊಟ್ಟಿಗೆ ಹೊಚ್ಚುವರು, ಬಂದರೆ ತೆಗೆಯುವರು. ತಾವೇ ಹಳೇ ಸೀರೆ ಕೂಡಿಸಿ ಹೊಲಿದ ಕೌದಿ ಅದು. ಹರಳು ಬೆಳೆಯುವ ದಿನಗಳಲ್ಲಿ ಮನೆಯಲ್ಲಿ ಒರಳಿನ ಸಪ್ಪಳ ಇಲ್ಲ. ರೊಟ್ಟಿಗೆ ಹಚ್ಚಿಕೊಳ್ಳುವ ಖಾರದ ಹಿಂಡಿ ಕುಟ್ಟುವುದಿದ್ದರೆ ಮೆಣಸಿನಕಾಯಿ ಉಡಿಯಲ್ಲಿ ಕಟ್ಟಿಕೊಂಡು ಬಾಜೂ ಮನೆಯ ಮರಾಠಿ ಮಾವಶಿಯ ಕಡೆಗೆ ಹೋಗುವರು. ಸರ್‌ಗೂ ಇದೇ ಮೈಗಂಟಿತ್ತು. ಹಿಂದವಾಡಿಯಲ್ಲೂ ಲೋಟಕ್ಕೆ ಚಮಚ ತಾಗದ ಹಾಗೆ ಸಕ್ಕರೆ ಕಲಕುವರು, ಬಾಗಿಲು ಹಾಕಿದರೆ ಹಾಕಿದ್ದು ತಿಳಿಯುತ್ತಿರಲಿಲ್ಲ. ಎಷ್ಟೋ ಸಲ ಹಿಂದೆ ಬಂದು ನಿಂತು ನನ್ನ ಎದೆ ಧಸಕ್ಕೆನ್ನಿಸಿದ್ದಾರೆ.

ಒಮ್ಮೆ ಊಟಕ್ಕೆ ಕುಂತಾಗ ಅವ್ವ ಕೇಳಿದರು, "ತಮ್ಮಾ, ಆ ಹರಳು ಮಾಡೂದರ ಏನು?" ಸರ್ ಹೇಳಿದರು, "ಕಾಣಲಾರದ್ದು ಎರಡು ಒಳಗ ಹೋಗತಾವ, ಕೂಡಿ ಕಾಣೂವಂಥಾದ್ದು ಒಂದಾಗಿ ಹೊರಗ ಬರತದ." ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ನನ್ನ ಕಡೆ ನೋಡಿದರು. "ಕೇಳಿದೇನಪಾ? ಹರಳ ಕೈಲೆ ಲಗ್ನ ಮಾಡಸ್ತಾನ. ತಾ ಮಾತ್ರ ಹಿಂಗ ಕುಂತಾನ." ಸರ್ ತಲೆ ತಗ್ಗಿಸಿ ಪಲ್ಯ ಕಲಸಿದರು.

ಈ ಅವ್ವನ ಒಂದು ರೀತಿ ಹೇಳಬೇಕು. ತಮ್ಮ ಕೈಯಿಂದ ಏನಾದರೂ ಕೆಟ್ಟಿತೆಂದರೆ ಒಂದು ತಿನಿಸು ಬಿಟ್ಟುಬಿಡುವರು, ಜನ್ಮಪೂರ್ತಿ. ಹಬ್ಬದಲ್ಲಿ ಹೂರಣ ತಳ ಹತ್ತಿತ್ತಂತೆ, ಬೆಲ್ಲ ಬಿಟ್ಟರು. ಬೀಗರು ಬಂದಾಗ ಹಾಲು ಒಡೆಯಿತಂತೆ, ಹಾಲು ಬಿಟ್ಟರು. ಗಂಡ ಜ್ವರದಲ್ಲಿದ್ದಾಗ ಅನ್ನ ಬೇಡಿದರಂತೆ, ಇವರು ಕೊಟ್ಟರಂತೆ, ಮುಂದೆ ಅವರು ಏಳಲೇ ಇಲ್ಲ. ಅವತ್ತಿನಿಂದ ಅನ್ನ ಮುಟ್ಟಿರಲಿಲ್ಲ. ನಾನು ನೋಡುವ ಹೊತ್ತಿಗೆ ಅವರಿಗೆ ಉಳಿದಿದ್ದು ರೊಟ್ಟಿ, ಪಲ್ಯ, ಹಿಂಡಿ, ಹಾಲಿಲ್ಲದ ಕರೀ ಚಹಾ.

ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ಹರಳು ಬಂತು ನೋಡ್ರಿ, ಅಂಥಾದ್ದು ನಾನು ಮತ್ತೆ ನೋಡಲಿಲ್ಲ. ಒಳಗೆ ಒಂದು ಎಳೆಯಷ್ಟು ಮಬ್ಬಿಲ್ಲ. ಅದನ್ನು ಗರಗಸದಿಂದ ಕೊಯ್ಯಲು ಬರುವುದಿಲ್ಲ, ಸೀಳುತ್ತದೆ. ಸರ್ ಶಹಾಪುರದ ನೇಕಾರರ ಓಣಿಯಿಂದ ಗಟ್ಟಿ ನೂಲು ತಂದು, ಒದ್ದೆ ಮಾಡಿ, ಹರಳಿನ ಮೇಲೆ ಅತ್ತಿತ್ತ ಎಳೆಯುತ್ತ ಬೇಕಾದ ಓರೆಗೆ ಕೊಯ್ದರು. ನೀರು ತಾಗಿದಲ್ಲಿ ಉಪ್ಪು ಕರಗುತ್ತದೆ, ನೂಲು ಅಲ್ಲಷ್ಟೇ ಇಳಿಯುತ್ತದೆ. ಆಮೇಲೆ ಅದೇ ಓಣಿಯ ರೇಷ್ಮೆ ತುಂಡಿನ ಮೇಲೆ ಉಜ್ಜಿ ಉಜ್ಜಿ ಹೊಳಪು ತಂದರು. ಸ್ಟೀಲಿನ ಡಬ್ಬಿಯಲ್ಲಿ ರೇಷ್ಮೆ ಸುತ್ತಿ ಇಟ್ಟರು. ಮಳೆಗಾಲದ ತೇವ ಇನ್ನೂ ಆರಿರಲಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಒಣ ಜಾಗವೆಂದರೆ ದೀಪ ಉರಿಯುವ ದೇವರ ಜಗಲಿ, ಡಬ್ಬಿಯನ್ನು ಅಲ್ಲೇ ಇಟ್ಟರು. ದಸರಾ ಸೂಟಿಯಲ್ಲಿ ಪುಣೆಗೆ ಹೋಗುವುದು ಗಟ್ಟಿಯಾಗಿತ್ತು.

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ಅವ್ವ ನನ್ನನ್ನೂ ಊಟಕ್ಕೆ ಕರೆದಿದ್ದರು. ಸರ್ ಮತ್ತು ನಾನು ಕೂಡಿಯೇ ಬೆಳಗಾವಿಯಿಂದ ಹೋದೆವು. ಪಡಸಾಲೆಯಲ್ಲಿ ಮಣೆಯ ಮೇಲೆ ಕುಡಗೋಲು, ಕೊಡಲಿ, ಈಳಿಗೆ, ಅವುಗಳ ಬಾಜೂ ಸರ್ ಅವರ ಸ್ಕ್ರೂಡ್ರೈವರ್, ಇಕ್ಕಳ, ಎಲ್ಲ ತೊಳೆದು ವಿಭೂತಿ ಹಚ್ಚಿ ಚೆಂಡುಹೂವು ಏರಿಸಿದ್ದರು. ನಡುವೆ ಹಿತ್ತಾಳೆ ತಾಟಿನಲ್ಲಿ ಹರಳು.

"ದೇವರ ಬಾಜೂ ನೀನಾ ಇಟ್ಟಿದ್ದೆಲ್ಲಪಾ, ಅದಕ್ಕ ಪೂಜಿಗಂತ ತಿಳದೆ" ಅಂದರು ಅವ್ವ, ಮುಖ ಅರಳಿಸಿಕೊಂಡು. "ಲಿಂಗಕ್ಕ ಮಾಡಿಸಿದಂಗ ಬಿಸಿನೀರಿಲೆ ಚೊಲೋತ್ನಂಗ ಜಳಕಾ ಮಾಡಿಸೀನಿ. ಎಷ್ಟ ದಿನದ ಜಿಡ್ಡಿತ್ತೋ ಏನೋ, ತಿಕ್ಕಿದಂಗ ಬಿಡಾಕತ್ತಿತ್ತು."

ಸರ್ ಹರಳನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಚೀಪಿ ತೆಗೆದ ಪೆಪ್ಪರಮೆಂಟಿನ ಹಾಗೆ ಅಂಚುಗಳೆಲ್ಲ ದುಂಡಗಾಗಿದ್ದವು. ರೇಷ್ಮೆಯಲ್ಲಿ ಉಜ್ಜಿದ ಮುಖ ಮಬ್ಬಾಗಿ ಆಚೆ ಏನೂ ಕಾಣುತ್ತಿರಲಿಲ್ಲ. ನಾನು ಬಾಯಿ ತೆರೆದೆ. ಸರ್ ತಮ್ಮ ಕಾಲಿನಿಂದ ನನ್ನ ಕಾಲು ಒತ್ತಿದರು. ಹರಳನ್ನು ತಾಟಿನಲ್ಲಿಟ್ಟು, ಅದಕ್ಕೆ ಹಚ್ಚಿದ್ದ ವಿಭೂತಿಯನ್ನೇ ಬೆರಳಿನಿಂದ ತೆಗೆದು ಹಣೆಗೆ ಹಚ್ಚಿಕೊಂಡು, "ಚೊಲೋ ಪೂಜಿ ಮಾಡಿ ಅವ್ವಾ" ಅಂದರು. ಅವ್ವ ಹೋಳಿಗೆ ಬಡಿಸಿದರು. ಸರ್ ಬೇಡ ಅನ್ನದೆ ಎರಡನೆಯದನ್ನೂ ಹಾಕಿಸಿಕೊಂಡು ತಿಂದರು. ಬೆಲ್ಲ ಬಿಟ್ಟ ಅವ್ವ ತುಪ್ಪದ ಮಿಳ್ಳಿ ಹಿಡಿದು ಎದುರಿಗೆ ನಿಂತು ನೋಡಿದರು.

ಹಿತ್ತಲಲ್ಲಿ ಕೈ ತೊಳೆಯುವಾಗ ನಾನು, "ಸರ್, ಹೇಳಬೇಕಿತ್ತಲ್ರಿ" ಅಂದೆ.

"ಹೇಳಿದ್ರ ರೊಟ್ಟಿ ಬಿಡತಾಳ" ಅಂದರು. "ಆಮ್ಯಾಲ ಅಕಿ ತಿನ್ನೂದರ ಏನು?"

ನಾನು ತಂಬಿಗೆ ಎತ್ತಿ ಅವರ ಕೈಗೆ ನೀರು ಹಾಕಿದೆ.

ಪುಣೆಗೆ ಹೋಗುವ ದಿನ ಅವ್ವ ಸ್ಟೇಶನ್ನಿನ ತನಕ ಬಂದರು, ಬುತ್ತಿ ಕಟ್ಟಿಕೊಟ್ಟರು. ಸರ್ ಆ ಕೆಟ್ಟ ಹರಳಿನ ಡಬ್ಬಿ ಚೀಲದಲ್ಲಿಟ್ಟುಕೊಂಡು ಗಾಡಿ ಹತ್ತಿ, ಬೆಳಗಾವಿಯಲ್ಲಿ ಇಳಿದು, ಹಿಂದವಾಡಿಗೆ ನಡೆದು ಬಂದರು. ಪುಣೆಗೆ ಹೋಗಿ ಬರಲು ಹಿಡಿಯುವಷ್ಟು ದಿನ ಖೋಲಿಯಲ್ಲೇ ಕುಂತರು. ಬುತ್ತಿ ಇಬ್ಬರೂ ಕೂಡಿ ತಿಂದೆವು. ಒಂದು ಮಧ್ಯಾಹ್ನ ಕೇಳಿದರು, "ಹಸರು ಬಂತು ಅಂತ ಹೇಳತೀನಿ, ಖರೇ. ಎಂಥಾ ಹಸರು ಅಂತ ಕೇಳಿದ್ರ?"

ಕಾಲೇಜಿಗೆ ಸೂಟಿ, ಪ್ರಯೋಗಶಾಲೆಯ ಕೀಲಿ ನನ್ನ ಕಡೆ ಇತ್ತು. ಕರೆದುಕೊಂಡು ಹೋಗಿ ಬರ್ನರ್ ಹಚ್ಚಿ, ತಂತಿಯ ತುದಿಗೆ ಬೇರೆ ಬೇರೆ ಉಪ್ಪು ಅದ್ದಿ ಉರಿಯಲ್ಲಿ ಹಿಡಿದು ತೋರಿಸಿದೆ. ತಾಮ್ರದ ಉಪ್ಪಿಗೆ ನೀಲಿ ಬೆರೆತ ಹಸಿರು, ಬೇರಿಯಂ ಉಪ್ಪಿಗೆ ಎಳೇ ಹಸಿರು. ಬೇರಿಯಂನದ್ದನ್ನು ಮತ್ತೆ ಮತ್ತೆ ಹಿಡಿಸಿ ನೋಡಿದರು. "ಇದ ಇರಲಿ. ಭತ್ತದ ಎಳೇ ಸಸಿ ಹಂಗ ಐತಿ. ಅಕಿಗೆ ತಿಳೀತದ" ಅಂದರು. ಖಾನಾಪುರಕ್ಕೆ ಹೋಗಿ ಹಾಗೆಯೇ ಹೇಳಿದರು.

ಅವ್ವ ಊರಿಗೆಲ್ಲ ಹೇಳಿದರು. ತಾವು ಪೂಜೆ ಮಾಡಿ ಕಳಿಸಿದ ಹರಳು, ಆಗದೆ ಬಿಟ್ಟೀತೆ! ಒರಳು ಕೊಟ್ಟ ಮಾವಶಿ ಗೋಡೆಯಾಚೆಯಿಂದ "ಝಾಲಾ ಕಾ ಹಿರವಾ?" ಹಸಿರಾಯಿತೇನು ಅಂತ ಕೂಗಿ ಕೇಳಿದರೆ, ಇವರು "ಝಾಲಾ, ಝಾಲಾ" ಅಂತ ಇಲ್ಲಿಂದ ಕೂಗುವರು. ಬಜಾರದಲ್ಲಿ ಯಾರಾದರೂ ಸರ್‌ನ ನಿಲ್ಲಿಸಿ ಕೇಳಿದರೆ, "ಅವ್ವಗ ಕೇಳ್ರಿ, ನನಕಿಂತ ಚೊಲೋ ಹೇಳತಾಳ" ಅಂದು ಮುಂದೆ ನಡೆಯುವರು. ಮತ್ತೊಂದು ಸುಳ್ಳು ಅವರ ಬಾಯಿಂದ ಹೊರಡಲಿಲ್ಲ.

ಆ ಒಂದೇ ಸುಳ್ಳು ಅವರ ಕೈ ಕಟ್ಟಿಹಾಕಿತು. ಆ ಮನೆಯಲ್ಲಿ ಮತ್ತೆ ಹರಳಿಗೆ ಕೈ ಹಾಕುವ ಹಾಗಿರಲಿಲ್ಲ. "ಬಂದದ್ದು ಬಂತಲ್ಲಪಾ, ಮತ್ತ್ಯಾಕ?" ಅಂತ ಅವ್ವ ಕೇಳುವರು, ಕೇಳುತ್ತ ಕೇಳುತ್ತ ನಿಜ ಹೊರಗೆ ಬೀಳುವುದು. ತೊಟ್ಟಿ ಅಟ್ಟ ಏರಿತು. ಹಿಂದವಾಡಿಯಲ್ಲಿ ಬೆಳೆಸೋಣ ಅಂತ ನಾನು ಹಟ ಹಿಡಿದು ಒಮ್ಮೆ ಮಾಡಿಸಿದೆ. ಮನೆ ಮುಂದೆ ಲಾರಿ ಓಡಾಟ, ದಿನಾ ಕರೆಂಟ್ ಕೈ ಕೊಡುವುದು, ನಾವಿಬ್ಬರೂ ಕಾಲೇಜಿನಲ್ಲಿ. ಕೌದಿ ಹೊಚ್ಚುವವರು ಯಾರು? ತೊಟ್ಟಿಯ ತಳದಲ್ಲಿ ಮೊಸರಿನಂಥಾ ಬಿಳೀ ಗಟ್ಟಿ ಕುಂತಿತು. ನನಗೆ ಅವರ ಮೇಲೆ ಸಿಟ್ಟು ಬಂತು. "ಒಂದ ದಿನ ಅತ್ತು ಸುಮ್ನಾಗತಿದ್ರು ಅವ್ವಾರು. ನಿಮ್ಮ ಜಲ್ಮ ಹಾಳ ಮಾಡಕೊಂಡ್ರಿ" ಅಂತ ಅಂದೇಬಿಟ್ಟೆ. ಅವರು ಸಕ್ಕರೆ ಕಲಕುತ್ತಿದ್ದರು. ಚಮಚ ಲೋಟಕ್ಕೆ ತಾಗಲಿಲ್ಲ.

ವರ್ಷಗಳು ಹೋದವು. ನನ್ನ ಮದುವೆಯಾಯಿತು, ಬೇರೆ ಮನೆ ಮಾಡಿದೆ. ಅವರು ಅದೇ ತಾಟು, ಅದೇ ಸೌಟು ಹಿಡಿದು ಕಲಿಸುತ್ತಲೇ ಇದ್ದರು. ಅವ್ವನ ಕಣ್ಣಿಗೆ ಪೊರೆ ಬಂತು. ಶನಿವಾರ ಮಗ ಬಂದು ಕುಂತರೆ, "ಆ ಹಸರಿನ ಮಾತ ಹೇಳೋ" ಅನ್ನುವರಂತೆ. ಹೇಳಿ ಮುಗಿಸಿದರೆ, "ಕಣ್ಣ ಮುಚ್ಚಿದ್ರ ಕಾಣತದ ನೋಡಪಾ. ಭತ್ತದ ಸಸಿ ಹಂಗ" ಅನ್ನುವರಂತೆ. ಎಂಬತ್ತರ ದಶಕ ಮುಗಿಯುವ ಮೊದಲು ಹೋದರು, ಕಡೆಯ ದಿನದ ತನಕ ರೊಟ್ಟಿ ತಿಂದರು.

ಅವ್ವನ ದಿನ ಮಾಡಿ ಮುಗಿದ ಮೇಲೆ ಸರ್ ಅಟ್ಟದಿಂದ ತೊಟ್ಟಿ ಇಳಿಸಿದರು. ಗಂಡನನ್ನು ಕಳೆದುಕೊಂಡ ಅವರ ತಂಗಿ ಆಗ ತವರಿಗೆ ಬಂದಿದ್ದರು. ಅದೇ ಕೌದಿ ಹೊಚ್ಚಲು, ತೆಗೆಯಲು ಅವರು ಕಲಿತರು. ಹರಳು ಬೆಳೆಯಿತು, ಮೊದಲಿನಷ್ಟು ಚೆಂದವಿರಲಿಲ್ಲ, ಆದರೂ ನಡೆಯುವಂಥದ್ದು. ಪುಣೆಗೆ ನಾನೂ ಹೋದೆ. ಗೆಳೆಯರಿಗೆ ತಲೆ ಹಣ್ಣಾಗಿತ್ತು. ಇಂಥ ಹರಳು ಈಗ ಪರದೇಶದಿಂದ ತಯಾರಾಗಿಯೇ ಬರುತ್ತವೆ ಅಂತ ಮುಜುಗರದಿಂದಲೇ ಹೇಳಿ, ಇವರದ್ದನ್ನು ಯಂತ್ರದ ಮುಂದೆ ಹಿಡಿಕೆಗೆ ಹಾಕಿದರು. ನಮಗೆಲ್ಲ ಕಣ್ಣಿಗೆ ಬಣ್ಣದ ಕನ್ನಡಕ ಕೊಟ್ಟರು. ಎದುರಿಗೆ ಬಿಳೀ ರಟ್ಟು. ಏನೂ ಕಾಣಲಿಲ್ಲ. ಸರ್ ತಿರುಪು ಹಿಡಿದು ಹರಳನ್ನು ಕೂದಲೆಳೆಯಷ್ಟು ಓರೆ ಮಾಡಿದರು. ರಟ್ಟಿನ ಮೇಲೆ ಹಸಿರು ಚುಕ್ಕೆ ಹೊಳೆಯತೊಡಗಿತು.

ನಾನು "ಬಂತ್ರಿ ಸರ್!" ಅಂತ ಕೂಗಿದೆ. ಗೆಳೆಯರು ಬೆನ್ನು ತಟ್ಟಿದರು. ಸರ್ ತಿರುಪು ಅತ್ತ ತಿರುವಿದರು, ಹೋಯಿತು. ಇತ್ತ ತಿರುವಿದರು, ಬಂತು. ಬಹಳ ಹೊತ್ತು ನೋಡಿದರು. ಮುಖದಲ್ಲಿ ಏನೂ ಇರಲಿಲ್ಲ. "ಆತು" ಅಂದು, ಹರಳು ಬಿಚ್ಚಿ, ರೇಷ್ಮೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರು.

ಮೀರಜದಲ್ಲಿ ಗಾಡಿ ಬದಲಿಸಿ ಕುಂತೆವು. ಗಾಡಿ ಘಟಪ್ರಭಾ ದಾಟಿತು. ಸರ್ ಕಿಟಕಿಯ ಕಡೆಗೇ ಮುಖ ಮಾಡಿ, "ಅದು ಭತ್ತದ ಸಸಿ ಹಂಗ ಇರಲಿಲ್ಲ" ಅಂದರು.

"ಯಾವುದ್ರಿ?"

"ಆ ಹಸರು. ಅಂಥಾ ಬಣ್ಣದ್ದು ಖಾನಾಪುರದಾಗ ಒಂದ ವಸ್ತುನೂ ಇಲ್ಲ. ನಾ ಅವ್ವಗ ತಪ್ಪ ಹೇಳಿದ್ದೆ. ಅಕಿ ಅಷ್ಟ ವರ್ಷ ತಪ್ಪ ಹಸರ ನೋಡಕೋತ ಕುಂತಳು."

"ಸರ್, ಇಡೀ ಮಾತ ಸುಳ್ಳಿತ್ತು. ಅದರಾಗ ಬಣ್ಣದ್ದೇನ್ರಿ ದೊಡ್ಡದು?"

"ಸುಳ್ಳ ಹೇಳೂ ಹೊತ್ತು ಬಂದಿತ್ತು, ಹೇಳಿದೆ" ಅಂದರು. "ಬಣ್ಣಾನರ ಖರೇ ಹೇಳಬೇಕಿತ್ತು."

ಅದರ ನಂತರ ಅವರು ಹರಳು ಬೆಳೆಸಲಿಲ್ಲ. ನಿವೃತ್ತರಾಗಿ ಖಾನಾಪುರದಲ್ಲೇ ಇದ್ದರು. ನಾನು ಆಗೊಮ್ಮೆ ಈಗೊಮ್ಮೆ ಹೋಗಿ ಕರೀ ಚಹಾ ಕುಡಿದು ಬರುತ್ತಿದ್ದೆ. ಹಾಲು ಬೆಲ್ಲ ಅನ್ನ ಅವರೂ ಬಿಟ್ಟಿದ್ದರು ಅಂತ ಆಮೇಲೆ ತಂಗಿ ಹೇಳಿ ಗೊತ್ತಾಯಿತು.

ಮೊನ್ನೆ ಸುದ್ದಿ ಬಂದ ದಿನ ಶೇಂಗಾ ಸುಲಿದು ಮುಗಿಸಿ ಬಸ್ಸು ಹತ್ತಿದೆ. ಅವರನ್ನು ಪಡಸಾಲೆಯಲ್ಲಿ ಕುಂದರಿಸಿದ್ದರು, ಹಣೆಗೆ ವಿಭೂತಿ. ನೋಡಿದೆ, ಕೈ ಮುಗಿದೆ, ಬಾಜೂ ಕುಂತವರಿಗೆ ಊರಿನ ಬಸ್ಸುಗಳ ಹೊತ್ತು ಕೇಳಿದೆ. ಮಣ್ಣು ಕೊಟ್ಟು ಬಂದೆವು. ಆಗಲೂ ಏನೂ ಅನಿಸಲಿಲ್ಲ. ಹೊರಡುವಾಗ ಅವರ ತಂಗಿ ದೇವರ ಜಗಲಿಯಿಂದ ಸ್ಟೀಲಿನ ಡಬ್ಬಿ ತಂದರು.

"ಇದನ್ನ ನಿಮಗ ಕೊಡು ಅಂತ ಅಣ್ಣ ಹೇಳಿದ್ರು." ಮುಚ್ಚಳ ತೆಗೆದು ಹರಳನ್ನು ಬೆಳಕಿಗೆ ಹಿಡಿದು ನೋಡಿದರು. "ಅಯ್ಯ, ಜಿಡ್ಡ ಹತ್ತೇತ್ರಿ. ತಡೀರಿ, ತೊಳದ ಕೊಡತೀನಿ" ಅಂದವರೇ ಬಚ್ಚಲಿನ ಕಡೆ ತಿರುಗಿದರು.

"ಬ್ಯಾಡ!" ಅಂತ ಒದರಿದೆ. "ಬ್ಯಾಡ್ರಿ ಅಕ್ಕಾರ, ನೀರ ಹಚ್ಚಬ್ಯಾಡ್ರಿ!"

ಸದ್ದಿಲ್ಲದ ಆ ಮನೆಯಲ್ಲಿ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕುಂತ ಜನ ಎದ್ದು ನಿಂತರು. ತಂಗಿಯವರು ಹೆದರಿ ಹರಳನ್ನು ನನ್ನ ಅಂಗೈಗೆ ಹಾಕಿದರು. ಸುದ್ದಿ ಕೇಳಿದಾಗಿನಿಂದ ಬಾರದ ಅಳು ಆಗ ಬಂತು, ಸಣ್ಣ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಒಂದು ಕೈಯಿಂದ ಮುಖ ಒರೆಸಿಕೊಂಡೆ. ಹರಳಿದ್ದ ಕೈಯನ್ನು ದೂರ ಚಾಚಿ ಹಿಡಿದಿದ್ದೆ, ಅದಕ್ಕೆ ಹನಿ ಬೀಳದ ಹಾಗೆ.